ಮಲಗೋ ಹಮಾಲ ಬ್ಯಾಡ ಅಂದ ಈರಣ್ಣ

ನನ್ನ ಮೈದುನ ಈರಣ್ಣನ ಬಾಯಿಂದ ‘ಒಂದು’ ಎಂಬ ಮಾತು ಹೊರಟದ್ದನ್ನು ಕೇಳಿದವರು ಯಾರೂ ಇಲ್ಲ. ನಾನಂತೂ ಕೇಳಿಲ್ಲ. ಕೇಳಬೇಕೆಂದು ನಲವತ್ತು ವರ್ಷ ಹಟ ಹಿಡಿದು ಸೋತವಳು ನಾನು.

ತಾಂಡೂರಿನ ತೊಗರಿ ಮಾರ್ಕೆಟ್ಟಿನಲ್ಲಿ ಅವನದು ಕಾಂಟಾದ ಮುಂದೆ ನಿಲ್ಲುವ ಕೆಲಸ. ತಕ್ಕಡಿಯ ಮೇಲೆ ಚೀಲ ಏರಿದ ಹಾಗೆಲ್ಲ ಎಣಿಕೆ ಕೂಗಬೇಕು. ಅವನು ಕೂಗಿದ್ದನ್ನು ಬರೆಯುವವರು ಬರೆದುಕೊಳ್ಳಬೇಕು. ಮೊದಲ ಚೀಲಕ್ಕೆ ಮಾತ್ರ ‘ಒಂದು’ ಅನ್ನಬಾರದು, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು, ನಾಕು. ಅದು ಹಿರಿಯರಿಂದ ಬಂದ ರೂಢಿ. ಉಳಿದ ತೂಕದವರು ಮಾರ್ಕೆಟ್ಟಿನ ಗೇಟು ದಾಟಿದರೆ ಎಲ್ಲರಂತೆ ಎಣಿಸುತ್ತಾರೆ. ಈರಣ್ಣ ಹಾಗಲ್ಲ. ಊಟಕ್ಕೆ ಕೂತರೆ, “ವೈನಿ, ಇನ್ನ ಲಾಭ ರೊಟ್ಟಿ ಹಾಕ್ರಿ” ಅನ್ನುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರನಿಗೆ, “ಜಹೀರಾಬಾದ್, ಲಾಭ” ಅನ್ನುತ್ತಿದ್ದ. ಮಕ್ಕಳೆಷ್ಟು ಎಂದು ಕೇಳಿದವರಿಗೂ ಅದೇ ಉತ್ತರ. ಅವನಿಗಿದ್ದವಳು ಸುನಂದಾ ಒಬ್ಬಳೇ ಮಗಳು.

ನಾನು ಬಿಡುತ್ತಿರಲಿಲ್ಲ. “ಈರಣ್ಣ, ಮ್ಯಾಲ ಚಂದ್ರ ಎಷ್ಟು ಅವ?” ಅಂತ ಕೇಳುತ್ತಿದ್ದೆ.

“ಲಾಭ.”

“ಶಿವಗ ಹಣಿ ಮ್ಯಾಲಿನ ಕಣ್ಣ ಎಷ್ಟು?”

“ಅದೂ ಲಾಭ. ಏ ವೈನಿ, ಸುಮ್ನ ಕೂಡ್ರಿ!”

ಜಹೀರಾಬಾದಿನ ನಮ್ಮ ಮನೆಗೆ ಬಂದಾಗಲೆಲ್ಲ ಆ ಕೊನೆಯ ಮಾತು ಅವನು ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಾನು ಒಂದು ಸಲವೂ ಸುಮ್ಮನೆ ಕೂತಿಲ್ಲ.

ದನಿ ಹೇಗಿತ್ತು ಎಂದು ಹೇಳದೆ ಮುಂದೆ ಹೋಗಲಾರೆ. ಆಳು ನೋಡಿದರೆ ಕಡ್ಡಿ. ಧೋತರ ಅವನನ್ನು ಉಟ್ಟಿದೆಯೋ ಅವನು ಧೋತರ ಉಟ್ಟಿದ್ದಾನೋ ತಿಳಿಯುತ್ತಿರಲಿಲ್ಲ. ಆದರೆ ಕಾಂಟಾದ ಮುಂದೆ ನಿಂತು “ಲಾ...ಭ!” ಎಂದು ಎಳೆದು ಕೂಗಿದನೆಂದರೆ, ಮಾರ್ಕೆಟ್ಟಿನ ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದ ರೈತ ಕಪ್ಪು ಅಲ್ಲೇ ಇಟ್ಟು ಓಡಿ ಬರುತ್ತಿದ್ದ. ತೂಕ ಶುರುವಾಯಿತು, ಮಾಲಿನವರು ಬಂದು ನಿಲ್ಲಿರಿ ಅಂತ ಅದರ ಅರ್ಥ. ಅದನ್ನು ಕೇಳಿ ಕೂತಲ್ಲೇ ಕೂತವರನ್ನು ನಾನು ನೋಡಿಲ್ಲ.

ಆ ಗಂಟಲಿನಲ್ಲೇ ಗಡ್ಡೆ ಎದ್ದಿತು.

ಮೊದಲು ಧೂಳು ಅಂದುಕೊಂಡ. ಕಲ್ಲಿನ ಊರು, ತೊಗರಿಯ ಹೊಟ್ಟು, ಯಾರ ಗಂಟಲು ಕೆರೆಯುವುದಿಲ್ಲ? ಸುನಂದಾ ಬಿಡದೆ ಹೈದರಾಬಾದಿಗೆ ಕರೆದುಕೊಂಡು ಹೋದಳು. ಡಾಕ್ಟರು ಸ್ಪಷ್ಟವಾಗಿ ಹೇಳಿದರು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ. ಇನ್ನು ಮುಂದೆ ಉಸಿರಾಟ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ. ಬಾಯಿಂದ ಮಾತು ಬರುವುದಿಲ್ಲ, ಕೂಗೂ ಬರುವುದಿಲ್ಲ. ಆಪರೇಷನ್ನಿಗೆ ಹತ್ತು ದಿನವಿತ್ತು.

ಸುನಂದಾ ಜಹೀರಾಬಾದಿನ ಸಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ತಾಯಿ ತೀರಿಕೊಂಡಾಗಿನಿಂದ ಇರುವುದು ನಮ್ಮ ಮನೆಯಲ್ಲೇ. ಅಪ್ಪನನ್ನೂ ಇಲ್ಲಿಗೇ ಕರೆತಂದು ಕೂರಿಸಿ ತನ್ನ ಯೋಚನೆ ಹೇಳಿದಳು. ದನಿ ಇರುವಾಗಲೇ ಅವನ ಮಾತುಗಳನ್ನು ತುಂಬಿಟ್ಟುಕೊಳ್ಳುವುದು. ಆಮೇಲೆ ಒಂದೊಂದು ಕೀಲಿ ಒತ್ತಿದರೆ ಒಂದೊಂದು ಮಾತು ಅವನದೇ ದನಿಯಲ್ಲಿ ಹೊರಡುವುದು. ನೀರು ಬೇಕು, ನೋವು ಅದ, ಉಸಿರು ಕಟ್ಟಾಕ ಹತ್ಯಾದ, ಹಿಂಗೆ. ಎಣಿಕೆಯೂ ಬೇಕು, ಯಾಕೆಂದರೆ ಅವನು ಮತ್ತೆ ಕಾಂಟಾದ ಮುಂದೆ ನಿಲ್ಲುವವನೇ.

“ಕೂಡಪ್ಪಾ, ಇವತ್ತs ತುಂಬೋಣು. ದನಿ ದಿನಾ ದಿನಾ ಇಳ್ಯಾಕ ಹತ್ಯಾದ” ಅಂದಳು.

ಈರಣ್ಣ ತಲೆ ಅಲ್ಲಾಡಿಸಿದ. “ಚೀಲ ತೂತದ ಏನು ನೋಡದs ಕಾಳು ತುಂಬ್ತಾರೇನವ್ವಾ? ಮೊದಲ ಚೀಲ ತೋರ್ಸು.”

ಅಲ್ಲಿಂದ ಶುರುವಾಯಿತು ನಮ್ಮ ಸಂಕಟ. ಯಾವ ಯಂತ್ರ ಎಂದು ಗೊತ್ತಾಗುವ ತನಕ ಅವನು ಬಾಯಿ ಬಿಡುವವನಲ್ಲ. ಯಂತ್ರ ಸಿಗುವುದು ತಡವಾದರೆ ಬಾಯಿ ಬಿಟ್ಟರೂ ದನಿ ಇರುವುದಿಲ್ಲ.

ಮೊದಲು ನನ್ನ ಫೋನೇ ತೋರಿಸಿದೆ. ಸುನಂದಾ ಬೇಡ ಅಂದಳು. ಅವಳು ಹುಡುಕಿದ್ದ ಮಾತಿನ ಪ್ರೋಗ್ರಾಮು ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಮಾತ್ರ ನಡೆಯುವಂಥದು, ಫೋನಿನಲ್ಲಿ ಕೂರುವುದಿಲ್ಲ. ಈರಣ್ಣನದು ಬೇರೆ ತಕರಾರು. ಗಾಜಿನ ಮೇಲೆ ಕೀಲಿ ಇಲ್ಲ, ಬೆರಳಿಗೆ ಜಾಗ ತಿಳಿಯುವುದಿಲ್ಲ. “ನನ್ನ ಕಣ್ಣ ಕಾಂಟಾದ ಮ್ಯಾಲ ಇರ್ತಾವ. ಕೀಲಿ ಬೆರಳs ಹುಡುಕಬೇಕು” ಅಂದ.

ಎರಡನೆಯದು ಸಾಲೆಯ ಲ್ಯಾಪ್‌ಟಾಪು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಿ, ತೆರೆದು ನೋಡಿದ. ತೆರೆದ ಮೇಲೆ ಅದು ಕಣ್ಣುಜ್ಜಿಕೊಳ್ಳುತ್ತ ಏಳುವಷ್ಟರಲ್ಲಿ ನಾನು ಅವನಿಗೆ ಎರಡು ಮಾತು ಚುಚ್ಚಿ ಮುಗಿಸಿದ್ದೆ. “ನೋಡು, ಇದು ಏಳೋದ್ರಾಗ ನಿಮ್ಮ ದೊಡ್ಡವ್ವ ಜಗಳಾ ಗೆದ್ದು ಒಳಗ ಹೋಗಿರ್ತಾಳ. ಮುಚ್ಚಿದ್ರ ಮೂಕ ಆಗೋದು ನನಗ ಬ್ಯಾಡ” ಅಂದ ಮಗಳಿಗೆ.

ಹತ್ತರಲ್ಲಿ ಮೂರು ದಿನ ಹೋದವು. ದನಿ ಆಗಲೇ ಹರಿದ ಗೋಣಿಯ ಹಾಗೆ ಆಗಿತ್ತು.

ನಾಲ್ಕನೆಯ ದಿನ ರಫೀಕ್ ಭಾಯಿಯ ಅಂಗಡಿಗೆ ಹೋದೆವು. ಜಹೀರಾಬಾದಿನಲ್ಲಿ ಹಳೇ ಕಂಪ್ಯೂಟರ್ ಕೊಂಡು, ರಿಪೇರಿ ಮಾಡಿ, ಮಾರುವವನು ಅವನು. ಮೊದಲು ಮಿಠಾಯಿ ಡಬ್ಬಿಯಷ್ಟು ಪೆಟ್ಟಿಗೆ ಇಟ್ಟ. “ಇದು ನೋಡ್ರಿ ಚಾಚಾ, ಹಗಲು ರಾತ್ರಿ ಚಾಲೂ ಇರ್ತದ, ಮಲ್ಗಂಗೇ ಇಲ್ಲ.” ಈರಣ್ಣನ ಮುಖ ಅರಳಿತು. ಆಮೇಲೆ ಅದರ ಹಿಂದಿನಿಂದ ಗೋಡೆಯ ಪ್ಲಗ್ಗಿಗೆ ಹೋಗುವ ವೈರು ನೋಡಿದ. “ಇದಕ್ಕ ಗ್ವಾಡಿ ಬೇಕಲ್ಲ ಭಾಯ್. ನಾ ಗ್ವಾಡಿ ಹೊತ್ತು ತಿರಗಬೇಕೇನು?”

ರಫೀಕ್ ನಕ್ಕು ಒಳಗೆ ಹೋದ. ಒಂದು ಸಣ್ಣ ವಸ್ತು ಒರೆಸುತ್ತ ಬಂದ. ಎರಡು ಅಂಗೈ ಜೋಡಿಸಿದಷ್ಟು ಅಗಲ, ನಮ್ಮ ಕಡೆಯ ಹಾಸುಗಲ್ಲಿನ ಚೂರಿನ ಹಾಗೆ ಬೂದು ಬಣ್ಣ. ಮೇಲೆ ಪರದೆ, ಕೆಳಗೆ ಅವರೆಕಾಳಿನಂಥ ಖರೇ ಕೀಲಿಗಳು. ಒಳಗೆ ಮಾತ್ರ ದೊಡ್ಡ ಕಂಪ್ಯೂಟರಿನದೇ ವ್ಯವಸ್ಥೆ. ಯಾರೋ ವಾಪಸು ಕೊಟ್ಟು ಹೋದದ್ದಂತೆ. ಸುನಂದಾ ತನ್ನ ಪ್ರೋಗ್ರಾಮು ಹಾಕಿ ನೋಡಿದಳು, ಕೂತಿತು.

“ಆತಲ್ಲಪ್ಪಾ, ಇದs ತಗೊಳ್ಳೋಣು!”

ಈರಣ್ಣ ಕೈ ಎತ್ತಿ ತಡೆದ. ಯಂತ್ರವನ್ನು ಎದುರಿಗಿಟ್ಟುಕೊಂಡು ರಫೀಕನ ಜೊತೆ ಹರಟೆಗೆ ಕೂತ. ತೊಗರಿ, ಮಳೆ, ರಫೀಕನ ಅತ್ತೆಯ ಮೊಣಕಾಲು. ಅವನ ಮಾತಿಗೆ ಆಗ ಎಷ್ಟು ಬೆಲೆ ಇತ್ತೆಂದರೆ, ಅವನು ಅದನ್ನು ಹಾಗೆ ಸುರಿಯುವುದು ನೋಡಿ ಸುನಂದಾಳ ಕಣ್ಣಲ್ಲಿ ನೀರು ಬಂತು. ನನಗೆ ಗೊತ್ತಿತ್ತು ಅವನ ಪರಿ. ಹೊಸ ಕಾಂಟಾ ಬಂದರೂ ಹೀಗೇ ಮಾಡುತ್ತಿದ್ದ. ಬರಿದಾಗಿ ಬಿಟ್ಟು, ಬೇರೆ ಕಡೆ ನೋಡುತ್ತ ಕೂತು, ಅದು ಮರೆತಿತು ಅನ್ನುವಾಗ ತಟ್ಟನೆ ಮುಟ್ಟುವುದು. ಕಾಲು ಗಂಟೆಯ ಮೇಲೆ ಮಾತಿನ ನಡುವೆಯೇ ಒಂದು ಕೀಲಿ ಒತ್ತಿದ. ಏನೂ ಇಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ. ಐದು ಎಣಿಸಿದ ಮೇಲೆ ಅದು ಮಿಣಿಮಿಣಿ ಬೆಳಗಿತು.

“ಇದು ಮಲಕೊಂತದ. ಮಲಗೋ ಹಮಾಲ ನನಗ ಬ್ಯಾಡ.”

ಅಂಗಡಿಯಲ್ಲೇ ಸುನಂದಾ ಅಪ್ಪನ ಮೇಲೆ ರೇಗಿದಳು. “ಐದು ಸೆಕೆಂಡ್ ಅಪ್ಪಾ! ಐದs!”

“ತೂತಿನಾಗ ಉಸಿರು ಸಿಕ್ಕೊಂಡ್ರ ಐದು ಭಾಳ ಆಗ್ತದವ್ವಾ” ಅಂದ ಮೆಲ್ಲಗೆ. ಅವನಿಗೆ ಅಂಜಿಕೆ ಇದೆ ಎಂದು ನನಗೆ ಆಗ ತಿಳಿಯಿತು. ಅಲ್ಲಿಯ ತನಕ ಅದು ಬರೀ ಹಟ ಅಂದುಕೊಂಡಿದ್ದೆ.

ಯಂತ್ರ ಮನೆಗೆ ಬಂತು, ಪರೀಕ್ಷೆಗೆ. ಸುನಂದಾ ಒಳಗಿನ ಸೆಟ್ಟಿಂಗು ಬದಲಿಸಿ ಅದರ ನಿದ್ದೆಯನ್ನೇ ಕಿತ್ತು ಹಾಕಿದಳು. ಈಗ ಒತ್ತಿದ ಕೂಡಲೇ ಮಾತು. ಆದರೆ ಹಂಚಿನ ಹಾಗೆ ಕಾಯತೊಡಗಿತು. ಮುಂಜಾನೆ ತುಂಬಿದ ಬ್ಯಾಟರಿ ಊಟದ ಹೊತ್ತಿಗೆ ಸತ್ತು ಬಿದ್ದಿರುತ್ತಿತ್ತು. ಮಲಗಲು ಬಿಟ್ಟರೆ ತಡ, ಎಚ್ಚರ ಇಟ್ಟರೆ ಸಾವು. ಐದನೆಯ, ಆರನೆಯ ದಿನಗಳು ಇದರಲ್ಲೇ ಹೋದವು. ಏಳನೆಯ ದಿನ ಈರಣ್ಣ ಚಹಾ ಕೇಳಿದ್ದು ನನಗೆ ಕೇಳಿಸಲಿಲ್ಲ. ಎದುರಿಗೇ ನಿಂತಿದ್ದೆ, ತುಟಿ ಆಡಿದ್ದು ಕಂಡಿತು, ಅಷ್ಟೆ. ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಬಗೆಹರಿಸಿದವನು ಕೊನೆಗೆ ಅವನೇ. ಯಂತ್ರವನ್ನು ದಿಟ್ಟಿಸಿ ನೋಡುತ್ತ ಕೂತಿದ್ದವನು ಗೊಗ್ಗರು ದನಿಯಲ್ಲಿ ಕೇಳಿದ: “ಇದರ ಪರದಿ ಅಷ್ಟs ಆರಿಸಾಕ ಬರ್ತದೇನು? ಕಣ್ಣ ಮುಚ್ಚಿರ್ಲಿ, ಎಚ್ಚರ ಇರ್ಲಿ. ಬಿಸಿಲಾಗ ಕಾಂಟಾದ ಮುಂದ ನಾ ಹಂಗs ನಿಂದರ್ತಿದ್ದೆ. ಎಲ್ಲಾರೂ ಈರಣ್ಣ ಮಲಗ್ಯಾನ ಅಂತಿದ್ರು. ಚೀಲ ಬಿದ್ದ ಕೂಡ್ಲೆ ಕೂಗ್ತಿದ್ದೆ.”

ಸುನಂದಾ ಹಣೆ ಬಡಿದುಕೊಂಡಳು. ಬೆಳಕೇ ಬ್ಯಾಟರಿ ನುಂಗುತ್ತಿದ್ದದ್ದು. ಪರದೆ ಕಪ್ಪಾಗಿರಲಿ, ಒಳಗೆ ಎಚ್ಚರ ಇರಲಿ ಎಂದು ಕೂರಿಸಿದಳು. ಕಾವು ಇಳಿಯಿತು. ಇನ್ನೂ ಕೊರತೆ ಬಿದ್ದ ಬ್ಯಾಟರಿಗೆ ನನ್ನ ಎಲೆ-ಅಡಿಕೆ ಸಂಚಿ ಹೋಯಿತು. ಅದರಲ್ಲಿ ಪವರ್ ಬ್ಯಾಂಕು ಇಟ್ಟು ಅವನ ಸೊಂಟಕ್ಕೆ ಕಟ್ಟಿದೆವು. ಯಂತ್ರ ಕೊರಳಪಟ್ಟಿಯಿಂದ ಎದೆಯ ಮೇಲೆ ತೂಗಿತು, ಲಿಂಗದ ಕರಡಿಗೆಯ ಕೆಳಗೆ. “ಶಿವನೂ ಎಚ್ಚರ, ಇದೂ ಎಚ್ಚರ. ಮಲಗೋದು ನಾ ಒಬ್ಬನs” ಅಂದ. ಮರುದಿನ ಮುಂಜಾನೆಯಿಂದ ಸಂಜೆಯ ತನಕ ಹಾಗೇ ತಿರುಗಾಡಿ, ನಡುನಡುವೆ ಮರೆತವನಂತೆ ನಟಿಸಿ, ತಟ್ಟನೆ ಒತ್ತಿ ನೋಡಿದ. ಒಮ್ಮೆಯೂ ತಡವಾಗಲಿಲ್ಲ.

“ಚೀಲ ಪಾಸ್” ಅಂದ.

ಒಂಬತ್ತನೆಯ ದಿನ ತುಂಬಲು ಕೂತೆವು. ‘ನೀರು ಬೇಕು’ ಪಿಸುಮಾತಿನಲ್ಲಿ ಬಂತು. ‘ನೋವು ಅದ’ ನಡುವೆ ಒಡೆಯಿತು. ಸುನಂದಾಳ ಮುಖ ಇಳಿಯುತ್ತಿತ್ತು. ನನಗೆ ತಡೆಯಲಾಗದೆ ನನಗೆ ಬರುವ ಕೆಲಸ ಮಾಡಿದೆ. “ಸುನಂದಾ, ಇಂವಗ ಇಷ್ಟs ದನಿ ಅದ. ಮಾರ್ಕೆಟ್ಟಿನಾಗ ಇವನ ಹೆಸರಿಲೆ ಮತ್ಯಾರೋ ಕೂಗ್ತಿದ್ರು ಅನಸ್ತದ” ಅಂದೆ.

“ಏ ವೈನಿ, ಸುಮ್ನ ಕೂಡ್ರಿ!”

ಹಳೆಯ ದನಿ, ಇಡಿಯಾಗಿ. ಸುನಂದಾ ಬೆರಳೆತ್ತಿ ತೋರಿಸಿದಳು, ಯಂತ್ರ ಅದನ್ನು ಹಿಡಿದುಕೊಂಡಿತ್ತು. ಅದಕ್ಕೂ ಒಂದು ಕೀಲಿ ಕೊಟ್ಟಳು.

ಆಮೇಲೆ ಎಣಿಕೆ. ಮೇಲಿನ ಸಾಲಿನ ಎಡತುದಿಯ ಕೀಲಿ ಮೊದಲನೆಯದಕ್ಕೆ. “ಅಪ್ಪಾ, ಒಂದು ಅನ್ನು.”

ಅವನು ಎದ್ದು ನಿಂತ. ಧೋತರ ಸರಿಮಾಡಿಕೊಂಡ. ಎದುರಿಗೆ ಕಾಂಟಾ ಇದೆ ಎಂಬಂತೆ ನೋಡಿ, ಎದೆ ತುಂಬ ಉಸಿರು ಎಳೆದು ಕೂಗಿದ.

“ಲಾ...ಭ!”

ಬೀದಿಯಲ್ಲಿ ಎರಡು ಬಾಗಿಲು ತೆರೆದವು. ಈರಣ್ಣ ಗಂಟಲು ಹಿಡಿದು ಕೆಮ್ಮುತ್ತ ಕೂತ. ಎರಡು, ಮೂರು, ನಾಕು ಹೇಗೋ ತೆವಳಿ ಹೊರಬಂದವು. ಹತ್ತು ಮುಟ್ಟುವಾಗ ಬರೀ ಗಾಳಿ.

ಸುನಂದಾ ಅತ್ತಳು, ಬೇಡಿಕೊಂಡಳು, ಬೈದಳು. “ಆಸ್ಪತ್ರಿಯಾಗ ಲಾಭ ಅಂದ್ರ ಯಾರಿಗಿ ತಿಳೀತದಪ್ಪಾ? ಪಿಸುಮಾತಿಲೇ ಆಗ್ಲಿ, ಒಂದು ಅಂತ ಒಂದ ಸಲ ಅನ್ನು!” ಅವನು ತಲೆ ಅಲ್ಲಾಡಿಸಿ ನನ್ನ ಕಡೆ ಕೈ ತೋರಿಸಿದ.

“ನನಗ ತಿಳೀತದ, ಬಿಡು” ಅಂದೆ. ಬಾಯಿಗೆ ಬಂದದ್ದು ಅಂದೆ, ಅಷ್ಟೆ.

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವನ ಬಲಗೈ ಕೆಳಗೇ ಯಂತ್ರ ಇಟ್ಟೆವು. ಕರೆಗಂಟೆ ತಲೆಯ ಹಿಂದಿತ್ತು, ಸೂಜಿ ಚುಚ್ಚಿದ ಕೈಗೆ ಎಟುಕುತ್ತಿರಲಿಲ್ಲ. ಎರಡನೆಯ ದಿನ ನರ್ಸಮ್ಮ ತೆಲುಗಿನಲ್ಲಿ, “ನೊಪ್ಪಿ ಪದಿಲೋ ಎಂತ ಉಂದಿ ತಾತಾ?” ಎಂದು ಕೇಳಿದಳು. ಹತ್ತರಲ್ಲಿ ನೋವು ಎಷ್ಟು ಅಂತ. ಯಂತ್ರ ವಾರ್ಡಿಗೆಲ್ಲ ಕೇಳುವಂತೆ “ಲಾ...ಭ!” ಎಂದಿತು. ಆಕೆ ಬೆದರಿ ನನ್ನ ಕಡೆ ನೋಡಿದಳು. “ಒಕಟಿ ಅಮ್ಮಾ, ಒಕಟಿ” ಎಂದು ತೆಲುಗಿನ ‘ಒಂದು’ ನಾನೇ ಅಂದೆ. ಈರಣ್ಣನ ಹೊಟ್ಟೆ ಕುಣಿಯಿತು. ನಗು ಬಂದರೂ ಸಪ್ಪಳ ಇಲ್ಲ. ನೋಡಲಾಗಲಿಲ್ಲ, ನಾನು ಕಿಟಕಿ ಕಡೆ ತಿರುಗಿದೆ.

ಮೂರನೆಯ ದಿನ ಮಧ್ಯಾಹ್ನ. ಸುನಂದಾ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಅವನ ಮಂಚಕ್ಕೆ ಅರ್ಧ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದೆ. ಆ ವಾರವೇ ಸುನಂದಾ ನನಗೆ ಫೋನಿನಲ್ಲಿ ಕನ್ನಡ ಒತ್ತುವುದು ಕಲಿಸಿದ್ದಳು. ಅಪ್ಪನ ಜೊತೆ ಬರೆದು ಮಾತಾಡಬಹುದು ಅಂತ. ನನಗೆ ಬೇಕಾದದ್ದು ಬರೆದು ಜಗಳಾಡುವುದು. ‘ಈಗ ಯಾರು ಸುಮ್ನ ಕೂತಾರ ನೋಡು’ ಎಂದು ಕಳಿಸಬೇಕೆಂದು ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕುತ್ತಿದ್ದೆ. ಮ-ಕಾರಕ್ಕೆ ನ-ಒತ್ತು ಕೂರುತ್ತಿರಲಿಲ್ಲ. ಒತ್ತಿ, ಅಳಿಸಿ, ಮತ್ತೆ ಒತ್ತಿ. ನನ್ನಷ್ಟಕ್ಕೆ ನಗುತ್ತಿದ್ದೆ ಕೂಡ.

“ಲಾ...ಭ!”

ಕೇಳಿದ ಕೂಡಲೇ ಎದ್ದಿದ್ದೆ. ಯಾಕೆ ಎದ್ದೆ ಎಂದು ಆಮೇಲೆ ತಿಳಿದದ್ದು. ತಿರುಗಿದರೆ ಈರಣ್ಣನ ಮುಖ ಬದನೆಕಾಯಿ ಬಣ್ಣ, ಕಣ್ಣು ಹೊರಗೆ, ಕುತ್ತಿಗೆಯ ನಳಿಗೆಯಲ್ಲಿ ಏನೋ ಗಟ್ಟಿಯಾಗಿ ಕೂತು ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ. ಹೆಬ್ಬೆರಳು ಮಾತ್ರ ಎಡತುದಿಯ ಕೀಲಿಯ ಮೇಲೆ. ‘ಉಸಿರು ಕಟ್ಟಾಕ ಹತ್ಯಾದ’ ಎಂಬ ಕೀಲಿ ಎರಡು ಸಾಲು ಕೆಳಗಿತ್ತು. ಅಲ್ಲಿಗೆ ಬೆರಳು ಇಳಿಸುವಷ್ಟು ಹೊತ್ತು ಇರಲಿಲ್ಲ. ನಾನು ಚೀರಿದೆ. ಯಾವ ಭಾಷೆಯಲ್ಲಿ ಚೀರಿದೆನೋ. ನರ್ಸಮ್ಮ ಓಡಿ ಬಂದು ಸಣ್ಣ ನಳಿಗೆ ಇಳಿಸಿ ಎಳೆದಳು. ಸುಣ್ಣದ ಉಂಡೆಯಂಥ ಕಫ ಬಂತು. ಆಮೇಲೆ ಒಂದು ಉಸಿರು ಸಿಳ್ಳೆ ಹಾಕಿಕೊಂಡು ಒಳಗೆ ಹೋಯಿತು.

ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಕಷ್ಟ ಇತ್ತು ಎಂದು ಆಕೆ ಹೇಳಿದಳು. ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ರಫೀಕನ ಅಂಗಡಿಯಲ್ಲಿ ನಾನು ಮನಸ್ಸಿನಲ್ಲಿ ಎಣಿಸಿದ ಐದು ನೆನಪಾಯಿತು.

ಸುನಂದಾ ಬಂದಾಗ ನಾನು ನೆಲದ ಮೇಲೆ ಕೂತು ಅಳುತ್ತಿದ್ದೆ. ತಪ್ಪು ನನ್ನದು, ಬೆನ್ನು ಮಾಡಿ ಕೂತಿದ್ದೆ ಎಂದು ಹೇಳುತ್ತಲೇ ಇದ್ದೆ. ಮಂಚದಿಂದ ದನಿ ಬಂತು: “ಏ ವೈನಿ, ಸುಮ್ನ ಕೂಡ್ರಿ!”

ಆವತ್ತು ಒಂದು ದಿನ ಸುಮ್ಮನೆ ಕೂತೆ.

ಆಮೇಲೆ ಎರಡು ಸುಗ್ಗಿ ಅವನು ಕಾಂಟಾದ ಮುಂದೆ ನಿಂತ. ಮೊದಮೊದಲು ಹಮಾಲರು, “ಕಾಕಾ, ಬ್ಯಾಟರಿ ಅದ ಏನು?” ಎಂದು ಚೇಷ್ಟೆ ಮಾಡಿದರಂತೆ. ಎಣಿಕೆ ತಪ್ಪಲಿಲ್ಲ, ಚೇಷ್ಟೆ ನಿಂತಿತು. ಮೊದಲ ಚೀಲದ ಕೂಗು ಎಲ್ಲಕ್ಕಿಂತ ಜೋರು, ಎರಡರಿಂದ ಮುಂದೆ ಗೊಗ್ಗರು. ಹಂಗಾಗಿ ಲಾಭ ಅಂದ ಮೇಲೆ ಎಲ್ಲರೂ ಹತ್ತಿರ ಬಂದು ನಿಂತೇ ಕೇಳಬೇಕಾಗುತ್ತಿತ್ತು. ಸಂಜೆ ನನಗೂ ಅವನಿಗೂ ಫೋನಿನಲ್ಲಿ ಬರವಣಿಗೆಯ ಜಗಳ. ನಾನು ಒಂದು ಸಾಲು ಒತ್ತುವುದರಲ್ಲಿ ಅವನು ಮೂರು ಕಳಿಸುತ್ತಿದ್ದ. ಈಗ ಇದನ್ನು ಇಷ್ಟು ಬೇಗ ಒತ್ತಿ ಬರೆಯಲು ನಾನು ಕಲಿತದ್ದು ಅವನನ್ನು ಸೋಲಿಸಲೆಂದೇ.

ಮೂರನೆಯ ಸುಗ್ಗಿಗೆ ಕಾಯಿಲೆ ಮರಳಿತು. ಈ ಸಲ ಹೆಚ್ಚು ದಿನ ಕೊಡಲಿಲ್ಲ. ಅವನು ಹೋದ ಮೇಲೆ, ಬರೆದಿಟ್ಟಿದ್ದ ಪ್ರಕಾರ ಸುನಂದಾ ಯಂತ್ರವನ್ನು ಸ್ವಚ್ಛ ಮಾಡಿ ನಾರಾಯಣಖೇಡದ ಒಬ್ಬ ಹೆಣ್ಣುಮಗಳಿಗೆ ಕೊಟ್ಟಳು. ಆಕೆಗೂ ಅದೇ ಆಪರೇಷನ್ ಇತ್ತು, ದನಿ ಹೋಗುವ ಮೊದಲು ತನ್ನ ಮಾತು ತುಂಬಿಕೊಂಡಳಂತೆ. ಈರಣ್ಣನದು ಒಂದನ್ನೂ ಉಳಿಸಲಿಲ್ಲ. “ಮಂದಿ ಚೀಲದಾಗ ನನ್ನ ಕಾಳು ಯಾಕ?” ಎಂದು ಬರೆದಿದ್ದ. ಅವನು ನನ್ನನ್ನು ಬೈದ ‘ಸುಮ್ನ ಕೂಡ್ರಿ’ಯನ್ನಾದರೂ ನನ್ನ ಫೋನಿಗೆ ಹಾಕು ಎಂದು ಸುನಂದಾಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಅವನು ಏನು ಅನ್ನುತ್ತಿದ್ದ ಎಂದು ಗೊತ್ತು.

ಕೊನೆಗೆ ನಾನು ಅವನನ್ನು ನೋಡಿದ್ದು ಆ ಸುಗ್ಗಿಯ ಶುರುವಿನಲ್ಲಿ, ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ. ಮರುದಿನ ಮಾರ್ಕೆಟ್ಟಿಗೆ ಮಾಲು ಬರುವುದಿದೆ ಎಂದು ಒಂದೇ ರಾತ್ರಿ ಇದ್ದು ಹೊರಟಿದ್ದ. ತಾಂಡೂರಿನ ಬಸ್ಸು ಹತ್ತಿ ಕಿಟಕಿಗೆ ಕೂತ. ಕುತ್ತಿಗೆಗೆ ಬಿಳಿ ವಸ್ತ್ರ, ಎದೆಯ ಮೇಲೆ ಕಪ್ಪು ಪರದೆಯ ಯಂತ್ರ, ಸೊಂಟದಲ್ಲಿ ನನ್ನ ಸಂಚಿ. ಕಂಡಕ್ಟರ್ ಸೀಟಿ ಹೊಡೆದ. ಇಂಜಿನ್ನಿನ ಗದ್ದಲದಲ್ಲಿ ನಾನು ಕಿಟಕಿ ಹಿಡಿದು ಕೂಗಿದೆ:

“ಈರಣ್ಣ, ಮತ್ತ ಎಷ್ಟ ತಿಂಗಳಿಗಿ ಬರ್ತಿ?”

ಅವನು ನನ್ನ ಮುಖವನ್ನೇ ನೋಡುತ್ತ ಒತ್ತಿದ. ಬಸ್ಸು ಎಳೆದುಕೊಂಡು ಹೊರಟಿತು, ಏನೂ ಕೇಳಿಸಲಿಲ್ಲ. ಹೆಬ್ಬೆರಳು ಕಂಡಿತು. ಮೇಲಿನ ಸಾಲು, ಎಡತುದಿ.

ಕಳಿಸಲು ಬಂದವರೆಲ್ಲರೂ ಬಸ್ಸಿಗೆ ಬೆನ್ನು ಮಾಡಿ ಮನೆಗೆ ಹೊರಟರು. ನಾನು ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದೆ.